ಅತ್ತೆಯನ್ನು ಸ್ಲೀಪರ್ ರೈಲಿನಲ್ಲಿ ಕಾಶಿಗೆ ಕರೆದುಕೊಂಡು ಹೋಗಬೇಕು, ಹೋಗಿ ಬಂದವರು ಹೇಳಿ

ಹೊಸನಗರದಿಂದ ಕೇಳಿದ್ದು

ನಮ್ಮ ಅತ್ತೆಗೆ 71 ವರ್ಷ. ಮಾವ ಇದ್ದಾಗಿಂದಲೂ ಕಾಶಿಗೆ ಹೋಗಬೇಕು ಅಂತ ಆಸೆ ಇತ್ತು, ಒಂದಲ್ಲ ಒಂದು ಕಾರಣಕ್ಕೆ ಮುಂದೆ ಹೋಗುತ್ತಲೇ ಬಂತು. ಈಗ ಕರೆದುಕೊಂಡು ಹೋಗೋದು ಅಂತ ತೀರ್ಮಾನ ಮಾಡಿದ್ದೀನಿ. ವಿಮಾನಕ್ಕೆ ಅವರು ಸುತರಾಂ ಒಪ್ಪುತ್ತಿಲ್ಲ. ಬೆಂಗಳೂರಿನಿಂದ ಸ್ಲೀಪರ್‌ನಲ್ಲಿ ಹೋಗೋಣ ಅಂತ ಯೋಚನೆ. ಮನೆಯವರು ತೋಟ, ದನ ಬಿಟ್ಟು ಬರೋ ಹಾಗಿಲ್ಲ. ಹೋಗೋರು ಅತ್ತೆ ಮತ್ತು ನಾನು ಇಬ್ಬರೇ, ನನಗೆ 47. ಅತ್ತೆಗೆ ಮಂಡಿನೋವು, ಬಿಪಿ, ಶುಗರ್ ಮೂರೂ ಇದೆ. ತಾಳಗುಪ್ಪದ ರೈಲಲ್ಲಿ ಮೈಸೂರಿಗೆ ಹೋಗಿದ್ದು ಬಿಟ್ಟರೆ ದೂರದ ರೈಲು ಹತ್ತಿದವರಲ್ಲ. ನನಗೆ ಹಿಂದಿ ಅಷ್ಟಕ್ಕಷ್ಟೆ. ಬರ್ತ್, ಊಟ, ಔಷಧಿ ಎಲ್ಲ ಹೇಗೆ ನೋಡಿಕೊಳ್ಳಬೇಕು? ವಯಸ್ಸಾದವರನ್ನು ಕರೆದುಕೊಂಡು ಹೋಗಿ ಬಂದವರು ದಯವಿಟ್ಟು ಹೇಳಿ.

ಸಾಗರದಿಂದ

ಅಕ್ಕಾ, ಬರ್ತ್ ವಿಷಯ, ಊಟದ ವಿಷಯ ಬೇರೆಯವರು ಹೇಳ್ತಾರೆ. ನಾನು ಹೇಳಬೇಕು ಅಂದ್ಕೊಂಡಿರೋದು ನೀರಿನ ವಿಷಯ. ಇದನ್ನ ನನಗೆ ಮುಂಚೆ ಯಾರೂ ಹೇಳಿರಲಿಲ್ಲ.

ನಮ್ಮ ದೊಡ್ಡಮ್ಮನ್ನ ಕಾಶಿಗೆ ಕರ್ಕೊಂಡು ಹೋಗಿದ್ದು ನಾನೇ. ಮನೇಲಿ ಅವರು ಬೆಳಿಗ್ಗೆಯಿಂದ ಕಷಾಯ, ಮಜ್ಜಿಗೆ, ಜೀರಿಗೆ ನೀರು ಅಂತ ಏನಾದ್ರೂ ಕುಡೀತಲೇ ಇರೋರು. ರೈಲು ಹತ್ತಿದ ಮೇಲೆ ಬಾಟಲಿ ಕೈಗೆ ಕೊಟ್ರೆ ತುಟಿಗೆ ತಾಗಿಸಿ, ಮುಚ್ಚಳ ಹಾಕಿ ವಾಪಸ್ ಕೊಡೋರು. ಸಂಜೆ ನೋಡ್ತೀನಿ, ಬೆಳಿಗ್ಗೆ ತುಂಬಿದ ಬಾಟಲಿ ತುಂಬಿದ ಹಾಗೇ ಇದೆ. ಆಗಲೇ ತಲೆನೋವು ಅಂತ ಹಣೆ ಹಿಡ್ಕೊಂಡಿದ್ರು, ನಾಲಿಗೆ ಒಣಗಿ ಮಾತು ತೊದಲ್ತಿತ್ತು. ಕೇಳಿದ್ರೆ "ಬಾಯಾರಿಕೆ ಇಲ್ಲ ಮಗಾ" ಅನ್ನೋ ಒಂದೇ ಮಾತು.

ಬಾಯಾರಿಕೆ ಇಲ್ಲದೆ ಏನು! ಶೌಚಾಲಯಕ್ಕೆ ಹೋಗಬೇಕಾಗ್ತದೆ ಅಂತ ಹೆದರಿ ನೀರು ಬಿಟ್ಟಿದ್ರು. ಓಡೋ ರೈಲು ಅಲ್ಲಾಡ್ತದೆ, ನೆಲ ಒದ್ದೆ, ಸೀರೆ ನೆರಿಗೆ ನೆನೀತದೆ, ಮಂಡಿ ಬಗ್ಗಲ್ಲ, ಒಳಗೆ ಚಿಲಕ ಸಿಕ್ಕಿಕೊಂಡ್ರೆ ಏನು ಗತಿ ಅನ್ನೋ ಭಯ. ಬಾಗಿಲ ಹತ್ರ ಗಂಡಸರು ನಿಂತಿರ್ತಾರೆ, ಅವರ ಎದುರು ಪದೇ ಪದೇ ಹೋಗಲಿಕ್ಕೆ ನಾಚಿಕೆ. ಇದರಲ್ಲಿ ಒಂದನ್ನೂ ಅವರು ಬಾಯಿಬಿಟ್ಟು ಹೇಳಲ್ಲ. ಸೊಸೆ ಹತ್ರ ಅಂತೂ ಮೊದಲೇ ಹೇಳಲ್ಲ. ನಮ್ಮ ಕಡೆ ಹಿರಿಯ ಹೆಂಗಸರು ಬಸ್ಸಲ್ಲಿ ಶಿವಮೊಗ್ಗಕ್ಕೆ ಹೋಗೋದಿದ್ರೂ ಬೆಳಿಗ್ಗೆಯಿಂದ ಏನೂ ಕುಡಿಯದೆ ಹೊರಡೋದನ್ನ ನೀವೂ ನೋಡಿರ್ತೀರಿ. ಅಷ್ಟು ಹೊತ್ತು ನಡೀತದೆ, ಎರಡು ರಾತ್ರಿ ನಡೆಯಲ್ಲ. ಶುಗರ್, ಬಿಪಿ ಇದ್ದವರಿಗೆ ಅಪಾಯ.

ಅದಕ್ಕೇ ಮನೆ ಬಿಡೋ ಮುಂಚೆ, ಬೇರೆ ಯಾರೂ ಇಲ್ಲದ ಹೊತ್ತಲ್ಲಿ, ಈ ಮಾತನ್ನ ನೀವೇ ತೆಗೀರಿ. "ಅತ್ತೆ, ರೈಲಲ್ಲಿ ಪ್ರತಿ ಸಲ ನಾನು ನಿಮ್ಮ ಜೊತೆ ಬಾಗಿಲ ತನಕ ಬರ್ತೀನಿ, ನೀವು ಒಳಗೆ ಚಿಲಕ ಹಾಕ್ಕೊಳ್ಳೋದೇ ಬೇಡ, ನಾನು ಹೊರಗಿಂದ ಹಿಡ್ಕೊಂಡಿರ್ತೀನಿ" ಅನ್ನಿ. ಈ ಚಿಲಕದ ಮಾತು ಹೇಳಿದ ಮೇಲೇ ನಮ್ಮ ದೊಡ್ಡಮ್ಮನ ಮುಖ ಸಡಿಲ ಆಗಿದ್ದು.

ಬೆಂಗಳೂರಲ್ಲಿ ರೈಲು ಹೊರಡೋ ಮುಂಚೆ ಪ್ಲಾಟ್‌ಫಾರ್ಮಿಗೆ ಬಂದು ನಿಂತಿರ್ತದಲ್ಲ, ಆಗ ಸಾಮಾನು ಇಟ್ಟ ತಕ್ಷಣ ಅವರನ್ನ ಕರ್ಕೊಂಡು ಹೋಗಿ ತೋರಿಸಿ. ಬೋಗಿಯ ಎರಡೂ ತುದೀಲಿ ಶೌಚಾಲಯ ಇರ್ತದೆ, ಕೂರೋ ತರದ್ದೂ ಇರ್ತದೆ, ನಮ್ಮ ಹಳೇ ತರದ್ದೂ ಇರ್ತದೆ. ಮಂಡಿನೋವಿಗೆ ಯಾವುದು ಆಗ್ತದೆ, ಯಾವ ತುದಿಯದ್ದು ಚೊಕ್ಕಟ ಇದೆ, ಹಿಡಿಕೆ ಎಲ್ಲಿದೆ, ನಲ್ಲಿ ಹೇಗೆ ಒತ್ತಬೇಕು ಎಲ್ಲ ರೈಲು ನಿಂತಿದ್ದಾಗ ಒಂದ್ಸಲ ನೋಡಿಕೊಂಡ್ರೆ ಅರ್ಧ ಭಯ ಹೋಗ್ತದೆ.

ಆಮೇಲೆ ಹೊತ್ತು ಗೊತ್ತು ಮಾಡ್ಕೊಳ್ಳಿ. ಬೆಳಿಗ್ಗೆ ಐದಕ್ಕೆ ಮುಂಚೆ, ಬೋಗಿ ಏಳೋದರೊಳಗೆ ಒಂದ್ಸಲ. ಆರೂವರೆ ನಂತರ ಸಾಲು ಶುರು. ಆಮೇಲೆ ತಿಂಡಿ ಆಗಿ ಎಲ್ಲರೂ ಕೂತ ಮೇಲೆ, ಮಧ್ಯಾಹ್ನ ಜನ ಮಲಗಿದಾಗ, ರಾತ್ರಿ ದೀಪ ಆರಿಸೋ ಮುಂಚೆ. ಅವರು ಕೇಳೋ ತನಕ ಕಾಯಬೇಡಿ, ನೀವೇ "ಬನ್ನಿ, ನಾನೂ ಹೋಗಬೇಕು" ಅಂತ ಎಬ್ಬಿಸಿ. ಹೋಗಿ ಬಂದ ತಕ್ಷಣ ಒಂದು ಲೋಟ ನೀರು. ಬಾಟಲಿ ಕೊಡಬೇಡಿ, ಲೋಟಕ್ಕೆ ಬಗ್ಗಿಸಿ ಕೊಡಿ, ಎಷ್ಟು ಕುಡಿದ್ರು ಅಂತ ಕಣ್ಣಿಗೆ ಕಾಣ್ತದೆ.

ಸಣ್ಣ ಕೈಚೀಲ ಒಂದನ್ನ ಇದಕ್ಕೇ ಅಂತ ಇಡಿ. ಒಂದು ಚೊಂಬು, ಸೋಪು, ಟಿಶ್ಯೂ, ಸಣ್ಣ ಟಾರ್ಚು, ಜಾರದ ರಬ್ಬರ್ ಚಪ್ಪಲಿ. ಚಪ್ಪಲಿ ಹೊಸದು ಬೇಡ, ಮನೇಲಿ ಹಾಕಿ ರೂಢಿ ಇರೋದು. ರಾತ್ರಿಗೆ ಅವರು ಒಪ್ಪಿದ್ರೆ ನೈಟಿ ಮೇಲೊಂದು ಶಾಲು. ಒಪ್ಪದಿದ್ರೆ ಹಗುರದ ನೂಲಿನ ಸೀರೆ, ಸ್ವಲ್ಪ ಎತ್ತಿ ಉಡೋದು. ಶೌಚಾಲಯ ಗಲೀಜಾದ್ರೆ 139ಕ್ಕೆ ಫೋನ್ ಮಾಡಿ ಅಥವಾ ರೈಲ್ ಮದದ್ ಆ್ಯಪಲ್ಲಿ ಟಿಕೆಟ್ ಮೇಲಿರೋ ಪಿಎನ್‌ಆರ್ ನಂಬರ್ ಹಾಕಿ ದೂರು ಕೊಡಿ, ಸ್ವಚ್ಛ ಮಾಡೋರು ಬರ್ತಾರೆ. ಸಂಕೋಚ ಬೇಡ.

ಇನ್ನೊಂದು ಹೇಳಿ ಬಿಡ್ತೀನಿ, ಇದು ತಯಾರಿ ಅಲ್ಲ, ಆದ್ರೆ ಅವರಿಗೋಸ್ಕರ ಮಾಡಿ. ದೊಡ್ಡಮ್ಮ ಸ್ನಾನ ಮಾಡುವಾಗ ದಿನಾ ಗಂಗೆ, ಯಮುನೆ, ಗೋದಾವರಿ ಅಂತ ಏಳು ನದಿ ಹೆಸರು ಹೇಳೋರು. ವಿಜಯವಾಡ, ನಾಗಪುರ, ಇಟಾರ್ಸಿ ಮೇಲೆ ಹೋಗೋ ದಾರೀಲಿ ಗೋದಾವರಿ ನಡುರಾತ್ರಿ ಸಿಗ್ತದೆ, ಮಾರನೇ ದಿನ ಕತ್ತಲಾದ ಮೇಲೆ ಜಬಲ್‌ಪುರಕ್ಕೆ ಸ್ವಲ್ಪ ಮುಂಚೆ ನರ್ಮದೆ. ನಾನು ಫೋನಲ್ಲಿ ನಕ್ಷೆ ನೋಡ್ತಾ ಇದ್ದೆ, ಸೇತುವೆ ಹತ್ರ ಬಂದಾಗ ಹೇಳಿದೆ. ಸೆರಗಿನ ಗಂಟು ಬಿಚ್ಚಿ ಒಂದು ರೂಪಾಯಿ ತೆಗೆದು ಕಿಟಕಿ ಸರಳಿನ ಸಂದಿಂದ ಹಾಕಿದ್ರು. ಹೊರಗೆ ಏನೂ ಕಾಣ್ತಿರಲಿಲ್ಲ, ಕಬ್ಬಿಣದ ಸದ್ದು ಮಾತ್ರ. ಸದ್ದು ನಿಲ್ಲೋ ತನಕ ಕೈ ಮುಗಿದುಕೊಂಡೇ ಇದ್ರು. ಎದುರು ಕೂತಿದ್ದ ಜಬಲ್‌ಪುರದ ಅಜ್ಜಿಯೊಬ್ಬರು "ನರ್ಮದಾ ಮೈಯಾ" ಅಂತ ತಾವೂ ಕೈ ಮುಗಿದ್ರು. ಭಾಷೆ ಬರದ ಇಬ್ಬರೂ ಆಮೇಲೆ ಇಳಿಯೋ ತನಕ ಮಾತಾಡ್ತಲೇ ಇದ್ರು. ಇಂಥದ್ದಕ್ಕೇ ನಾನು ಸ್ಲೀಪರ್ ಕಿಟಕಿ ಒಳ್ಳೇದು ಅನ್ನೋದು.

ಶಿವಮೊಗ್ಗ, ವಿನೋಬನಗರದಿಂದ

ಮೇಡಂ, ನಿಮ್ಮ ವಯಸ್ಸು 47 ಅಂದ್ರಲ್ಲ, ಅದು ನಿಮಗೆ ದೊಡ್ಡ ಅನುಕೂಲ. ರೈಲ್ವೆಯ ಲೋವರ್ ಬರ್ತ್ ಕೋಟಾಕ್ಕೆ ಗಂಡಸರಿಗೆ 60 ಆಗಬೇಕು, ಹೆಂಗಸರಿಗೆ 45 ಆದರೆ ಸಾಕು. ಒಂದು ಟಿಕೆಟ್‌ನಲ್ಲಿ ಒಬ್ಬರು ಅಥವಾ ಇಬ್ಬರು, ಇಬ್ಬರಿಗೂ ಆ ವಯಸ್ಸು ಆಗಿರಬೇಕು. ನಿಮ್ಮಿಬ್ಬರಿಗೂ ಆಗಿದೆ. ಐಆರ್‌ಸಿಟಿಸಿಯಲ್ಲಿ ಬುಕ್ ಮಾಡುವಾಗ ಜನರಲ್ ಬದಲು ಲೋವರ್ ಬರ್ತ್/ಸೀನಿಯರ್ ಸಿಟಿಜನ್ ಕೋಟಾ ಆರಿಸಿಕೊಳ್ಳಿ. ಸ್ಲೀಪರ್‌ನಲ್ಲಿ ಬೋಗಿಗೆ ಆರೇಳು ಕೆಳ ಬರ್ತ್ ಇದಕ್ಕೆ ಅಂತಲೇ ತೆಗೆದಿಟ್ಟಿರುತ್ತಾರೆ.

ಇದೇ ಜಾಗದಲ್ಲಿ 40 ವರ್ಷದ ಮಗ ತಾಯಿಯನ್ನು ಕರೆದುಕೊಂಡು ಹೋಗೋದಾದರೆ ಇಬ್ಬರ ಹೆಸರು ಒಂದೇ ಟಿಕೆಟ್‌ನಲ್ಲಿ ಹಾಕಿದರೆ ಈ ಕೋಟಾ ಸಿಗಲ್ಲ. ಓದುತ್ತಿರುವ ಬೇರೆಯವರಿಗೂ ಗೊತ್ತಿರಲಿ ಅಂತ ಹೇಳಿದೆ. ಅಂಥವರು ಜನರಲ್‌ನಲ್ಲೇ ಬುಕ್ ಮಾಡಿ, "ಒಂದಾದರೂ ಕೆಳ ಬರ್ತ್ ಸಿಕ್ಕರೆ ಮಾತ್ರ ಬುಕ್ ಆಗಲಿ" ಅನ್ನೋ ಆಯ್ಕೆಗೆ ಗುರುತು ಹಾಕೋದು ಒಳ್ಳೆಯದು.

ಕೋಟಾ ಬೇರೆ, ರಿಯಾಯಿತಿ ಬೇರೆ. ಹಿರಿಯರಿಗೆ ದರದಲ್ಲಿ ಕೊಡುತ್ತಿದ್ದ ರಿಯಾಯಿತಿ 2020ರ ಮಾರ್ಚ್‌ನಲ್ಲಿ ನಿಂತಿದೆ, ದುಡ್ಡು ಪೂರ್ತಿ ಕೊಡಬೇಕು.

ಬುಕಿಂಗ್ ಈಗ 60 ದಿನ ಮುಂಚೆ ತೆರೆಯುತ್ತೆ, 2024ರ ಅಕ್ಟೋಬರ್ ಕೊನೆಯವರೆಗೆ 120 ದಿನ ಇತ್ತು. ತೆರೆದ ದಿನವೇ ಮಾಡಿ, ಹೋಗೋದು ಬರೋದು ಎರಡೂ. ವೇಟಿಂಗ್ ಲಿಸ್ಟ್ ನಂಬಿಕೊಂಡು ಹೊರಡಬೇಡಿ. ಆರ್‌ಎಸಿಯೂ ಬೇಡ, ಅದರಲ್ಲಿ ಒಂದು ಸೈಡ್ ಲೋವರ್‌ನಲ್ಲಿ ಇಬ್ಬರು ಕೂತು ಹೋಗಬೇಕು, 71ರ ವಯಸ್ಸಿಗೆ ಅದು ಶಿಕ್ಷೆ.

ಬರ್ತ್ ನಂಬರ್ ಬಂದ ಮೇಲೆ 8ರಿಂದ ಭಾಗಿಸಿ ನೋಡಿ. ಶೇಷ 1 ಅಥವಾ 4 ಬಂದರೆ ಕೆಳ ಬರ್ತ್, 7 ಬಂದರೆ ಸೈಡ್ ಲೋವರ್. 33, 36, 41, 44 ಇವೆಲ್ಲ ಬೋಗಿಯ ನಡುವಿನ ಕೆಳ ಬರ್ತ್‌ಗಳು, ವಾಸನೆ, ಬಾಗಿಲ ಸದ್ದು ಕಡಿಮೆ. ಆದರೆ ಸಾಗರದವರು ಹೇಳಿದ್ದು ಓದಿದ ಮೇಲೆ ಅನ್ನಿಸುತ್ತಿದೆ, ಮಂಡಿನೋವಿರೋರಿಗೆ ಶೌಚಾಲಯ ಹತ್ತಿರ ಇರೋದೂ ಮುಖ್ಯ. ಅತ್ತೆಯನ್ನೇ ಕೇಳಿ ನೋಡಿ.

ಭದ್ರಾವತಿಯಿಂದ

ನಾನು ಮೇಲಿನವರ ಮಾತಿಗೆ ಒಪ್ಪಲ್ಲ. ಸ್ಲೀಪರ್ ಬೇಡ, 3ಎಸಿ ಮಾಡಿ. ಕೋಟಾ ಅದರಲ್ಲೂ ಇದೆ.

ಅಪ್ಪನನ್ನು ಉತ್ತರಕ್ಕೆ ಸ್ಲೀಪರ್‌ನಲ್ಲಿ ಕರೆದುಕೊಂಡು ಹೋಗಿದ್ದೆ. ಮೊದಲ ದಿನ ಏನೂ ತೊಂದರೆ ಇರಲಿಲ್ಲ. ಎರಡನೇ ರಾತ್ರಿ ರಿಸರ್ವೇಶನ್ ಇಲ್ಲದ ಜನ ತುಂಬಿಕೊಂಡರು. ಪಾಪ, ಅವರೂ ಕೂಲಿ ಮಾಡಿ ಊರಿಗೆ ಹೋಗುವವರು, ಜಗಳ ಆಡೋಕೆ ಮನಸ್ಸು ಬರಲ್ಲ. ಆದರೆ ಅಪ್ಪನ ಕಾಲ ಹತ್ತಿರ ಇಬ್ಬರು ಕೂತಿದ್ದರು, ಓಡಾಡುವ ಜಾಗದಲ್ಲಿ ಜನ ಮಲಗಿದ್ದರು. ಅಪ್ಪ ಬೆಳಗಿನವರೆಗೆ ಕಾಲು ಮಡಚಿಕೊಂಡೇ ಇದ್ದರು. ಶೌಚಾಲಯಕ್ಕೆ ಹೋಗಬೇಕಾದರೆ ಮಲಗಿದವರನ್ನು ದಾಟಿ ಹೋಗಬೇಕು. ಇಬ್ಬರು ಹೆಂಗಸರೇ ಹೋಗುವಾಗ ಇದನ್ನು ಯೋಚನೆ ಮಾಡಿ.

3ಎಸಿಯಲ್ಲಿ ಹೊದಿಕೆ, ದಿಂಬು, ಶೀಟು ಕೊಡುತ್ತಾರೆ, ಸ್ಲೀಪರ್‌ನಲ್ಲಿ ಕೊಡಲ್ಲ, ಎಲ್ಲ ನಾವೇ ಹೊರಬೇಕು. ಒಂದೇ ತೊಂದರೆ, ಎಸಿ ಗಾಳಿ ನೇರ ಮಂಡಿಗೆ ಹೊಡೆಯುತ್ತೆ. ಉಲ್ಲನ್ ಕಾಲುಚೀಲ, ಮಫ್ಲರ್ ತಗೊಳ್ಳಿ. ಕಿಟಕಿ ತೆಗೆಯೋ ಹಾಗಿಲ್ಲ, ನಿಜ. ನರ್ಮದೆಗೆ ಗಾಜಿನೊಳಗಿಂದಲೇ ಕೈ ಮುಗಿಯಲಿ, ಬೆಳಿಗ್ಗೆ ಮೈಕೈ ನೋವಿಲ್ಲದೆ ಇಳಿಯೋದು ಮುಖ್ಯ.

ದುಡ್ಡಿನ ಲೆಕ್ಕ ನೋಡುವುದಾದರೆ ಹೋಗುವಾಗ 3ಎಸಿ, ಬರುವಾಗ ಸ್ಲೀಪರ್ ಮಾಡಬಹುದು. ಕಾಶಿಯಲ್ಲಿ ಓಡಾಡೋಕೆ ಮೈಯಲ್ಲಿ ಶಕ್ತಿ ಬೇಕು, ಬರುವಾಗ ಮನೆಗೇ ಬರೋದು.

ತೀರ್ಥಹಳ್ಳಿಯಿಂದ

ಊಟದ್ದು ನಾನು ಹೇಳ್ತೆ. ಅನ್ನದ ಐಟಂ ಮೊದಲ ದಿನ ಮಧ್ಯಾಹ್ನಕ್ಕೆ ಮುಗಿಸಿ. ಚಿತ್ರಾನ್ನ, ಪುಳಿಯೋಗರೆ ಏನೇ ಆದ್ರೂ ಆಂಧ್ರದ ಸೆಖೆಗೆ ಸಂಜೆ ಹೊತ್ತಿಗೆ ನಂಬೋ ಹಾಗಿಲ್ಲ. ಎರಡನೇ ದಿನಕ್ಕೆ ಹಾಲು ಹಾಕಿ ಕಲಸದೆ, ಎಣ್ಣೆ ಹಾಕಿ ಕಲಸಿ ಒಣಕಲಾಗಿ ಬೇಯಿಸಿದ ಚಪಾತಿ, ಆರಿದ ಮೇಲೆ ಬಟ್ಟೆಯಲ್ಲಿ ಸುತ್ತಿ ಇಡಿ. ಬಿಸಿ ಇದ್ದಾಗ ಡಬ್ಬಿಗೆ ಹಾಕಿದ್ರೆ ಬೆವರಿ ಹಾಳಾಗ್ತದೆ. ಜೊತೆಗೆ ಚಟ್ನಿಪುಡಿ. ಅಪ್ಪೆಮಿಡಿ ಉಪ್ಪಿನಕಾಯಿ ಅತ್ತೆ ಕೇಳಿಯೇ ಕೇಳ್ತಾರೆ, ಬಿಪಿ ಇರೋದ್ರಿಂದ ಒಂದು ಮಿಡಿ ಮಾತ್ರ ಸಣ್ಣ ಡಬ್ಬಿಯಲ್ಲಿ ಹಾಕಿ, ಜಾಡಿ ತಗೊಂಡು ಹೋಗಬೇಡಿ. ಅವಲಕ್ಕಿಗೆ ಗೊಜ್ಜಿನ ಪುಡಿ ಕಲಸಿ ಒಗ್ಗರಣೆ ಕೊಟ್ಟು ಒಣಗಿದ ಹಾಗೇ ಇಟ್ಕೊಂಡ್ರೆ, ಬೇಕಾದಾಗ ಬಿಸಿನೀರು ಚಿಮುಕಿಸಿ ಐದು ನಿಮಿಷ ಮುಚ್ಚಿಟ್ಟು ತಿನ್ನಬಹುದು. ಹುರಿಹಿಟ್ಟು ಎರಡು ಹಿಡಿ ಇರಲಿ.

ರೈಲಿನ ಚಹಾಕ್ಕೆ ಸಕ್ಕರೆ ಮೊದಲೇ ಹಾಕಿರ್ತಾರೆ. ಶುಗರ್ ಇದ್ದವರು ಬೇಜಾರಿಗೆ ಅದನ್ನೇ ನಾಲ್ಕು ಸಲ ಕುಡಿದ್ರೆ ಮುಗೀತು. ನಮ್ಮ ಕಷಾಯದ ಪುಡಿ, ಒಂದು ಫ್ಲಾಸ್ಕು ಇಟ್ಕೊಳ್ಳಿ. ಪ್ಯಾಂಟ್ರಿಯವರು ಬಂದಾಗ "ಗರಂ ಪಾನಿ" ಅಂದ್ರೆ ಕೊಡ್ತಾರೆ, ಹತ್ತು ರೂಪಾಯಿ ಕೊಟ್ರೆ ಖುಷಿಯಿಂದ ಕೊಡ್ತಾರೆ. "ಬಿನಾ ಚೀನಿ" ಅಂದ್ರೆ ಸಕ್ಕರೆ ಇಲ್ಲದೆ, "ಕಮ್ ಮಿರ್ಚಿ" ಅಂದ್ರೆ ಖಾರ ಕಡಿಮೆ. ಊಟಕ್ಕೆ ಅಷ್ಟು ಹಿಂದಿ ಸಾಕು.

ಅತ್ತೆ ಎಲೆಅಡಿಕೆ ಹಾಕುವವರಾದ್ರೆ ಅದನ್ನ ತಪ್ಪಿಸಬೇಡಿ, ವೀಳ್ಯದೆಲೆ ಒದ್ದೆ ಬಟ್ಟೆಯಲ್ಲಿ ಸುತ್ತಿ ಇಡಿ. ಉಗುಳಲಿಕ್ಕೆ ಮುಚ್ಚಳ ಇರೋ ಡಬ್ಬಿಯೊಂದು ಬೇಕು, ಕಿಟಕಿಯಿಂದ ಬೇಡ.

ಶಿವಮೊಗ್ಗದಿಂದ, ಆಸ್ಪತ್ರೆಯಲ್ಲಿ ನರ್ಸ್

ನೀರು ಬಿಡುವ ವಿಷಯ ಸಾಗರದವರು ಹೇಳಿದ್ದು ಅಕ್ಷರಶಃ ನಿಜ. ಯಾತ್ರೆಯಿಂದ ಬಂದು ಮೂತ್ರದ ಸೋಂಕು, ಸುಸ್ತು ಅಂತ ದಾಖಲಾಗುವ ಅಜ್ಜಿಯಂದಿರನ್ನು ನಾವು ನೋಡುತ್ತಿರುತ್ತೇವೆ.

ಬಿಪಿ ಮಾತ್ರೆಗಳಲ್ಲಿ ಕೆಲವು ಮೂತ್ರ ಹೆಚ್ಚು ಮಾಡುವಂಥವು. ಶೌಚಾಲಯದ ಭಯಕ್ಕೆ ಆ ಮಾತ್ರೆಯನ್ನೇ ನುಂಗದೆ ಬಿಡುವವರಿದ್ದಾರೆ. ಹಾಗೆ ಮಾಡಕೂಡದು. ಹೊರಡುವ ವಾರ ಮೊದಲು ಅವರನ್ನು ನೋಡುವ ಡಾಕ್ಟರ ಹತ್ತಿರ ಹೋಗಿ, ಪ್ರಯಾಣದ ದಿನಗಳಲ್ಲಿ ಯಾವ ಹೊತ್ತಿಗೆ ಕೊಡಬೇಕು, ಊಟ ತಡವಾದರೆ ಶುಗರ್ ಮಾತ್ರೆ ಏನು ಮಾಡಬೇಕು ಅಂತ ಬರೆಸಿಕೊಂಡು ಬನ್ನಿ. ಇನ್ಸುಲಿನ್ ಇದ್ದರೆ ತಂಪು ಚೀಲದಲ್ಲಿಡಿ, ಐಸ್‌ಗೆ ನೇರ ತಾಗಬಾರದು.

ಮಾತ್ರೆಗಳು ಸೂಟ್‌ಕೇಸ್‌ನಲ್ಲಿ ಬೇಡ, ನಿಮ್ಮ ಹೆಗಲ ಚೀಲದಲ್ಲೇ ಇರಲಿ, ನಾಲ್ಕು ದಿನದ್ದು ಹೆಚ್ಚಿಗೆ. ಮಾತ್ರೆ ಹೆಸರು, ಕಾಯಿಲೆ, ಮನೆಯವರ ಫೋನ್ ನಂಬರ್ ಇಂಗ್ಲಿಷ್‌ನಲ್ಲಿ ಬರೆದ ಚೀಟಿ ಅತ್ತೆಯ ಪರ್ಸಿನಲ್ಲೂ ಒಂದಿರಲಿ. ಬೆವರಿ, ಕೈ ನಡುಗಿ, ಮಾತು ತಡವರಿಸಿದರೆ ಶುಗರ್ ಇಳಿದಿರಬಹುದು, ಎಚ್ಚರವಾಗಿ ನುಂಗುವಂತಿದ್ದರೆ ತಕ್ಷಣ ಗ್ಲೂಕೋಸ್ ಅಥವಾ ಸಕ್ಕರೆ ನೀರು ಕೊಡಿ. ಹೆಚ್ಚಿನ ತೊಂದರೆಯಾದರೆ 139ಕ್ಕೆ ಫೋನ್ ಮಾಡಿ, ಟಿಕೆಟ್ ನೋಡಲು ಬರುವ ಟಿಟಿಇಗೂ ಹೇಳಿ, ಮುಂದಿನ ದೊಡ್ಡ ನಿಲ್ದಾಣಕ್ಕೆ ಡಾಕ್ಟರನ್ನು ಕರೆಸುತ್ತಾರೆ.

ಕಾಲು ಇಳಿಬಿಟ್ಟು ಗಂಟೆಗಟ್ಟಲೆ ಕೂರಿಸಬೇಡಿ. ಗಂಟೆಗೊಮ್ಮೆ ಪಾದವನ್ನು ಮೇಲೆ ಕೆಳಗೆ ಆಡಿಸಲಿ, ನಡುನಡುವೆ ಬರ್ತ್ ಮೇಲೆ ಕಾಲು ಚಾಚಲಿ.

ಕೊಪ್ಪದಿಂದ

ಎಲ್ಲರೂ ರೈಲಿನ ಒಳಗಿನದ್ದು ಹೇಳಿದ್ರಿ. ನಮ್ಮ ಕಡೆಯವರಿಗೆ ಕಷ್ಟ ಇರೋದು ಬೆಂಗಳೂರಲ್ಲಿ. ಕಾಶಿ ಕಡೆಗೆ ದಿನಾ ಹೋಗುವ ಸಂಘಮಿತ್ರ ಎಕ್ಸ್‌ಪ್ರೆಸ್ ಹೊರಡೋದು ಮೆಜೆಸ್ಟಿಕ್‌ನಿಂದ ಅಲ್ಲ, ಬೈಯಪ್ಪನಹಳ್ಳಿಯ ಸರ್ ಎಂ. ವಿಶ್ವೇಶ್ವರಯ್ಯ ಟರ್ಮಿನಲ್‌ನಿಂದ. ಆ ಟರ್ಮಿನಲ್ ಶುರುವಾಗಿದ್ದು 2022ರಲ್ಲಿ, ಮುಂಚೆ ಹೋಗಿ ಬಂದ ಹಿರಿಯರು ಬೇರೆ ನಿಲ್ದಾಣದ ಹೆಸರು ಹೇಳಿದರೆ ನಂಬಬೇಡಿ. ತಾಳಗುಪ್ಪದ ರಾತ್ರಿ ರೈಲಲ್ಲಿ ಹೋದರೆ ಬೆಳಗಿನ ಜಾವ ಮೆಜೆಸ್ಟಿಕ್‌ನಲ್ಲಿ ಇಳಿದು, ಊರಿನ ಇನ್ನೊಂದು ಬದಿಗೆ ಹೋಗಬೇಕು. ಬೈಯಪ್ಪನಹಳ್ಳಿ ಮೆಟ್ರೋ ನಿಲ್ದಾಣಕ್ಕೂ ಟರ್ಮಿನಲ್‌ಗೂ ನಡುವೆ ದೂರ ಇದೆ, ಮಂಡಿನೋವಿರುವವರನ್ನು ನಡೆಸಬೇಡಿ. ಮೆಜೆಸ್ಟಿಕ್‌ನಿಂದ ಸೀದಾ ಟ್ಯಾಕ್ಸಿ ಮಾಡಿ. ಬೆಂಗಳೂರಲ್ಲಿ ನೆಂಟರಿದ್ದರೆ ಹಿಂದಿನ ದಿನವೇ ಬಂದು ಒಂದು ರಾತ್ರಿ ನಿದ್ದೆ ಮಾಡಿ ಹೊರಡೋದು ಇನ್ನೂ ಉತ್ತಮ. ಇಲ್ಲದಿದ್ದರೆ ಸಾಲಾಗಿ ಮೂರು ರಾತ್ರಿ ರೈಲಾಗುತ್ತೆ.

ನೀವು ಇಳಿಯೋದು ವಾರಾಣಸಿಯಲ್ಲೇ ಅಲ್ಲ, ದೀನ್ ದಯಾಳ್ ಉಪಾಧ್ಯಾಯ ಜಂಕ್ಷನ್‌ನಲ್ಲಿ. ಜನ ಈಗಲೂ ಮುಘಲ್‌ಸರಾಯ್ ಅಂತಲೇ ಕರೆಯೋದು, ಆಟೋದವರಿಗೆ ಹಾಗೇ ಹೇಳಿ. ಅಲ್ಲಿಂದ ಗಂಗೆ ದಾಟಿ ಕಾಶಿಗೆ ಹೋಗಬೇಕು. ಮಾಳವೀಯ ಸೇತುವೆಯಲ್ಲಿ ಕೆಳಗೆ ರೈಲು, ಮೇಲೆ ರಸ್ತೆ. ದಾಟುವಾಗ ಘಟ್ಟಗಳ ಸಾಲು ಪೂರ್ತಿ ಕಾಣುತ್ತೆ, ಅತ್ತೆಯನ್ನು ಊರಿನ ಕಡೆಯ ಕಿಟಕಿಗೆ ಕೂರಿಸಿ.

ಮುಘಲ್‌ಸರಾಯ್ ನಿಲ್ದಾಣ ಬಹಳ ದೊಡ್ಡದು, ಮೇಲ್ಸೇತುವೆ ಹತ್ತಿಸಬೇಡಿ. ಗಾಲಿಕುರ್ಚಿ ಕೇಳಿದರೆ ಕೊಡುತ್ತಾರೆ, ಕೂಲಿಯವರನ್ನು ಮಾಡಿಕೊಂಡರೆ ಸಾಮಾನಿನ ಚಿಂತೆಯೂ ಇಲ್ಲ. ದರ ಮೊದಲೇ ಮಾತಾಡಿ.

ಸೊರಬದಿಂದ

ಇಬ್ಬರೇ ಹೋಗೋಕೆ ಧೈರ್ಯ ಸಾಲದಿದ್ದರೆ ಸರ್ಕಾರದ ಕಾಶಿ ದರ್ಶನ ಭಾರತ್ ಗೌರವ್ ರೈಲು ಇದೆ, 2022ರಲ್ಲಿ ಶುರುವಾಗಿದ್ದು, ಮುಜರಾಯಿ ಇಲಾಖೆಯಿಂದ ಸಹಾಯಧನ ಕೊಡುತ್ತಾರೆ. ಊಟ, ವಸತಿ ಎಲ್ಲ ಅವರದ್ದೇ, ಕನ್ನಡದವರೇ ಜೊತೆಗಿರುತ್ತಾರೆ. ಆದರೆ ಗುಂಪಿನ ವೇಗಕ್ಕೆ ಅತ್ತೆ ಓಡಬೇಕು. ನಮ್ಮ ಅಮ್ಮನಿಗೆ ಮಂಡಿ ಗಟ್ಟಿ ಇದ್ದಿದ್ದರಿಂದ ಆಯಿತು. ನಿಮ್ಮ ಅತ್ತೆಗೆ ನೀವಿಬ್ಬರೇ ನಿಧಾನಕ್ಕೆ ಹೋಗೋದೇ ಸರಿ ಅನ್ನಿಸುತ್ತೆ.

ಹೊಸನಗರದಿಂದ

ಎಲ್ಲರಿಗೂ ಕೈ ಮುಗಿದೆ. ನಿನ್ನೆ ರಾತ್ರಿ ಅತ್ತೆ ಹತ್ತಿರ ಆ ಶೌಚಾಲಯದ ಮಾತು ತೆಗೆದೆ. ಸ್ವಲ್ಪ ಹೊತ್ತು ಸುಮ್ಮನಿದ್ದು, "ಅದೇ ನಂಗೂ ಯೋಚನೆ ಆಗಿತ್ತು, ನಿಂಗೆ ಹೇಗೆ ಹೇಳೋದು ಅಂತ" ಅಂದರು. ಹೋಗುವಾಗ 3ಎಸಿ, ಬರುವಾಗ ಸ್ಲೀಪರ್ ಅಂತ ಮಾಡೋಣ ಅಂದುಕೊಂಡಿದ್ದೀವಿ, ಎರಡೂ ಲೋವರ್ ಬರ್ತ್ ಕೋಟಾದಲ್ಲಿ. ಯಾವ ತಿಂಗಳು ಒಳ್ಳೆಯದು? ಅಡಿಕೆ ಕೊಯ್ಲು ಮುಗಿಯದೆ ಮನೆ ಬಿಡೋ ಹಾಗಿಲ್ಲ.

ಸಾಗರದಿಂದ

ಕೊಯ್ಲಿನ ಹೊತ್ತಲ್ಲಿ ಹೇಗೂ ಆಗಲ್ಲ, ಆ ಕಡೆ ಡಿಸೆಂಬರ್, ಜನವರೀಲಿ ಮಂಜು ಬಿದ್ದು ರೈಲುಗಳು ಗಂಟೆಗಟ್ಟಲೆ ತಡ, ಚಳಿಯೂ ನಮ್ಮ ಮಲೆನಾಡಿನ ಚಳಿ ಅಲ್ಲ. ಏಪ್ರಿಲ್ ದಾಟಿದ್ರೆ ನಾಗಪುರದ ಬಿಸಿಲಲ್ಲಿ ಬರುವಾಗಿನ ಸ್ಲೀಪರ್ ಅವರಿಗೆ ತಡೆಯಲ್ಲ. ಶಿವರಾತ್ರಿಗೆ ಕಾಶೀಲಿ ಕಾಲಿಡಲಿಕ್ಕೆ ಜಾಗ ಇರಲ್ಲ, ಹೋಳಿಗೆ ಮುಂಚೆ ಉತ್ತರದ ಕಡೆ ಹೋಗೋ ರೈಲೆಲ್ಲ ತುಂಬಿರ್ತವೆ. ಹೋಳಿ ಮುಗಿದು ಯುಗಾದಿ ಬರೋದರೊಳಗೆ ಹೋಗಿ ಬನ್ನಿ. ಹೊರಡೋ ದಿನದಿಂದ 60 ದಿನ ಹಿಂದಕ್ಕೆ ಎಣಿಸಿ ಕ್ಯಾಲೆಂಡರ್‌ನಲ್ಲಿ ಗುರುತು ಹಾಕಿ. ಬರುವಾಗ ಗಂಗೆ ನೀರನ್ನ ತಾಮ್ರದ ತಂಬಿಗೇಲಿ ಬೆಸುಗೆ ಹಾಕಿಸಿಕೊಂಡು ಬನ್ನಿ, ಪ್ಲಾಸ್ಟಿಕ್ ಕ್ಯಾನು ಬರ್ತ್ ಕೆಳಗೆ ಉರುಳಿ ಸೋರ್ತದೆ.